ತಲೇಲಿ ನೀರು ತುಂಬಿದೆ ಅಂದ್ರು, ಆದ್ರೆ ಕಾಯಿಲೆ ಅದೇನಾ? ಎನ್‌ಪಿಎಚ್ ವೇಷ ಹಾಕೋ ಕಾಯಿಲೆಗಳ ಕಥೆ

ಚಿಕ್ಕಪ್ಪನ ಮನೆ ಗೃಹಪ್ರವೇಶದ ಊಟ. ಪಂಕ್ತೀಲಿ ದೊಡ್ಡಪ್ಪ ನನ್ನ ಪಕ್ಕಾನೇ ಕೂತಿದ್ರು. ಎಲೆ ಮೇಲ್ಭಾಗದಲ್ಲಿದ್ದ ಕೋಸಂಬರಿ, ಹುರುಳಿಕಾಯಿ ಪಲ್ಯ, ಉಪ್ಪಿನಕಾಯಿ ಎಲ್ಲ ಖಾಲಿ, ಆದ್ರೆ ತಮ್ಮ ಕಡೆ ಬಡಿಸಿದ್ದ ಅನ್ನ ತೊವ್ವೆ ಮುಟ್ಟೇ ಇಲ್ಲ, ಹಾಗೇ ಆರ್ತಾ ಇತ್ತು. ಸಾರಿನವನು ಬಂದು ನಿಂತು 'ಕಲಸ್ಕೊಳ್ಳಿ ಯಜಮಾನ್ರೇ' ಅಂದ್ರೆ 'ಇನ್ನೂ ಅನ್ನಾನೇ ಬಂದಿಲ್ವಲ್ಲಪ್ಪ' ಅಂದ್ರು. ಸುತ್ತ ಇದ್ದೋರು ನಕ್ರು, ದೊಡ್ಡಮ್ಮ ಮಾತ್ರ ಆಮೇಲೆ ನನ್ನ ಪಕ್ಕಕ್ಕೆ ಕರೆದು 'ಮರೆವು ಜಾಸ್ತಿ ಆಗ್ತಿದೆ ಕಣೋ' ಅಂತ ಕಣ್ಣೊರೆಸ್ಕೊಂಡ್ರು. ಅದು ಮರೆವಲ್ಲ ಅಂತ ಗೊತ್ತಾಗೋಕೆ ಇನ್ನೂ ನಾಲ್ಕು ತಿಂಗಳು ಬೇಕಾಯ್ತು. ಅವರ ಕಣ್ಣು ಕೆಳಗೆ ಇಳೀತಾನೇ ಇರ್ಲಿಲ್ಲ, ಎದುರಿಗಿದ್ದದ್ದು ಕಾಣ್ತಿತ್ತು, ಮಡಿಲ ಹತ್ರ ಇದ್ದದ್ದು ಕಾಣ್ತಿರ್ಲಿಲ್ಲ, ಅಷ್ಟೇ.

ಅಷ್ಟೊತ್ತಿಗಾಗ್ಲೇ ಅವರ ತಲೇಲಿ ಶಂಟ್, ಅಂದ್ರೆ ಜಾಸ್ತಿ ಆದ ನೀರು ಹರಿದು ಹೋಗೋಕೆ ಹಾಕೋ ಸಣ್ಣ ಪೈಪು, ಕೂತು ಎಂಟು ತಿಂಗಳಾಗಿತ್ತು. ಕಾಯಿಲೆ ಹೆಸರು ನಾರ್ಮಲ್ ಪ್ರೆಷರ್ ಹೈಡ್ರೋಸೆಫಾಲಸ್, ಎಲ್ಲರೂ ಎನ್‌ಪಿಎಚ್ ಅಂತಾರೆ, ಮನೇಲಿ ನಾವು 'ತಲೇಲಿ ನೀರು' ಅಂತಿದ್ವಿ. ಕೊನೆಗೆ ನೋಡಿದ್ರೆ ಕಾಯಿಲೆ ಬೇರೇನೇ. ಆಸ್ಪತ್ರೆ ಹೆಸರು ಹೇಳಲ್ಲ, ಹೇಳೋದ್ರಿಂದ ಪ್ರಯೋಜನಾನೂ ಇಲ್ಲ, ಯಾಕಂದ್ರೆ ಈ ತಪ್ಪು ಎಲ್ಲ ಕಡೆ, ದೊಡ್ಡ ದೊಡ್ಡ ಡಾಕ್ಟರ್‌ಗಳ ಕೈಲೂ ಆಗತ್ತೆ. ಯಾಕೆ ಆಗತ್ತೆ ಅಂತ ನಾನು ಎರಡು ವರ್ಷದಿಂದ ಡಾಕ್ಟರ್‌ಗಳ ಹಿಂದೆ ಬಿದ್ದು ಕೇಳಿ, ಸಿಕ್ಕಿದ್ದೆಲ್ಲ ಓದಿ ಅರ್ಥ ಮಾಡ್ಕೊಂಡಷ್ಟನ್ನ ಇಲ್ಲಿ ಬರೀತಿದ್ದೀನಿ. ನಾನು ಡಾಕ್ಟರ್ ಅಲ್ಲ, ಇದು ಮೊದಲೇ ಹೇಳಿಬಿಡ್ತೀನಿ.

ನಮ್ಮ ಮೆದುಳಿನೊಳಗೆ ವೆಂಟ್ರಿಕಲ್ ಅಂತ ಟೊಳ್ಳು ಜಾಗಗಳಿವೆ, ಅದರಲ್ಲಿ ನೀರಿನ ಥರದ ದ್ರವ ಇರತ್ತೆ, ಸಿಎಸ್‌ಎಫ್ ಅಂತಾರೆ. ಮೆದುಳು ಬೆನ್ನುಹುರಿ ಎರಡೂ ಸೇರಿ ಒಂದು ಹೊತ್ತಲ್ಲಿ ಇರೋದು ಸುಮಾರು 150 ಎಂಎಲ್, ಆದ್ರೆ ದಿನಕ್ಕೆ ಹತ್ತಿರ ಹತ್ತಿರ 500 ಎಂಎಲ್ ಹೊಸದಾಗಿ ತಯಾರಾಗತ್ತೆ, ಅಂದ್ರೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿನೇ ಪೂರ್ತಿ ಬದಲಾಗತ್ತೆ. ಹುಟ್ಟಿದಷ್ಟೂ ರಕ್ತಕ್ಕೆ ಹೀರ್ಕೊಂಡು ಹೋಗ್ತಿರ್ಬೇಕು. ವಯಸ್ಸಾದೋರಲ್ಲಿ ಕೆಲವರಿಗೆ ಈ ಹೋಗೋ ದಾರಿ ಸೋಮಾರಿ ಆಗತ್ತೆ, ವೆಂಟ್ರಿಕಲ್ ನಿಧಾನಕ್ಕೆ ಹಿಗ್ಗತ್ತೆ, ಆದ್ರೆ ಸೂಜಿ ಹಾಕಿ ಅಳೆದ್ರೆ ಪ್ರೆಷರ್ ನಾರ್ಮಲ್ಲೇ ಬರತ್ತೆ. ಅದಕ್ಕೇ ಆ ವಿಚಿತ್ರ ಹೆಸರು.

ಇದನ್ನ ಕಂಡುಹಿಡಿದದ್ದು ಕೊಲಂಬಿಯಾ ದೇಶದ ಬೊಗೋಟಾದಲ್ಲಿದ್ದ ಸಾಲೊಮೋನ್ ಹಕೀಂ ಅನ್ನೋ ನ್ಯೂರೋಸರ್ಜನ್. 1957ರಲ್ಲಿ ಅವರ ಹತ್ರ 16 ವರ್ಷದ ಹುಡುಗ ಬಂದಿದ್ದ, ಆಕ್ಸಿಡೆಂಟ್ ಆಗಿ ತಲೆಯೊಳಗೆ ಕಟ್ಟಿದ್ದ ರಕ್ತ ತೆಗೆದಾದ್ಮೇಲೂ ಮಾತಿಲ್ಲ ಕತೆಯಿಲ್ಲ ಹಾಗೇ ಮಲಗಿದ್ದ, ವೆಂಟ್ರಿಕಲ್ ನೋಡಿದ್ರೆ ದೊಡ್ಡದು, ಪ್ರೆಷರ್ ನೋಡಿದ್ರೆ ನಾರ್ಮಲ್. ಲ್ಯಾಬ್ ಟೆಸ್ಟಿಗೆ ಅಂತ ಬೆನ್ನಿನಿಂದ 15 ಎಂಎಲ್ ನೀರು ತೆಗೆದ್ರು, ಮಾರನೇ ದಿನ ಹುಡುಗ ಎಚ್ಚೆತ್ತು ಒಂದೆರಡು ಮಾತಾಡಿದ! ಪ್ರೆಷರ್ ನಾರ್ಮಲ್ ಇದ್ಮೇಲೆ ನೀರು ತೆಗೆದ್ರೆ ಯಾಕೆ ಗುಣ ಆಗ್ಬೇಕು ಅನ್ನೋದೇ ಅವರ ತಲೆ ಕೆಡಿಸಿದ ಪ್ರಶ್ನೆ. ಅವರು ಕೊಟ್ಕೊಂಡ ಉತ್ತರ ನಮ್ಮ ಕೆರೆ ಏರಿ ಲೆಕ್ಕ ಇದ್ದಂಗಿದೆ: ನೀರಿನ ಮಟ್ಟ ಅಷ್ಟೇ ಇದ್ರೂ ಏರಿ ಉದ್ದ ಆದಷ್ಟೂ ಅದರ ಮೇಲೆ ಬೀಳೋ ಒಟ್ಟು ನೂಕು ಜಾಸ್ತಿ, ಹಾಗೇ ಗೋಡೆ ಅಗಲ ಆದ ವೆಂಟ್ರಿಕಲ್‌ನಲ್ಲಿ ಸಾಧಾರಣ ಪ್ರೆಷರ್ರೇ ಮೆದುಳನ್ನ ಜಾಸ್ತಿ ಒತ್ತತ್ತೆ. ಒಳಗೆ ಇಷ್ಟೇನಾ ನಡೆಯೋದು ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ, ಆದ್ರೆ 1965ರಲ್ಲಿ ಹಕೀಂ, ಅಮೆರಿಕದ ನರರೋಗ ತಜ್ಞ ರೇಮಂಡ್ ಆಡಮ್ಸ್ ಮತ್ತೆ ಜೊತೆಗಾರರು ಸೇರಿ ಪ್ರಕಟಿಸಿದ ಮೂರು ಲಕ್ಷಣ ಇವತ್ತಿಗೂ ಪಾಠ: ನಡಿಗೆ ಕೆಡೋದು, ಬುದ್ಧಿ ಮಂಕಾಗೋದು, ಮೂತ್ರ ತಡೆಯೋಕಾಗ್ದೇ ಇರೋದು.

ಈಗ ನೀವೇ ಹೇಳಿ, 75 ದಾಟಿದ ಯಾರ ಮನೇಲಿ ಈ ಮೂರು ಇಲ್ಲ? ಮಂಡಿ ನೋವು, ಪ್ರಾಸ್ಟೇಟು, ಸ್ವಲ್ಪ ಮರೆವು, ಮೂರೂ ಬೇರೆ ಬೇರೆ ಅಂಗಡಿಯಿಂದ ಬಂದು ಒಂದೇ ಚೀಲದಲ್ಲಿ ಸೇರಿದ್ರೂ ಸಾಕು, ಎನ್‌ಪಿಎಚ್ ಥರಾನೇ ಕಾಣತ್ತೆ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಆಸೆ. ಆಲ್ಝೈಮರ್ಸ್, ಪಾರ್ಕಿನ್ಸನ್ಸ್ ಅಂದ್ರೆ ವಾಸಿ ಆಗಲ್ಲ ಅಂತ ಗೊತ್ತು, ಎನ್‌ಪಿಎಚ್ ಅಂದ್ರೆ ಪೈಪ್ ಹಾಕಿದ್ರೆ ಎದ್ದು ಓಡಾಡ್ತಾರೆ ಅಂತ ಕೇಳಿರ್ತೀವಿ, ಹಾಡುಗಾರ ಬಿಲ್ಲಿ ಜೋಯಲ್ 2025ರ ಮೇ ತಿಂಗಳಲ್ಲಿ ತಮಗೆ ಇದೇ ಇದೆ ಅಂತ ಹೇಳಿ ಕಾರ್ಯಕ್ರಮ ಎಲ್ಲ ಕ್ಯಾನ್ಸಲ್ ಮಾಡಿದ್ಮೇಲಂತೂ ಫ್ಯಾಮಿಲಿ ಗ್ರೂಪಲ್ಲಿ ಫಾರ್ವರ್ಡ್ ಮೇಲೆ ಫಾರ್ವರ್ಡ್. ಹಾಗಾಗಿ ಡಾಕ್ಟರ್ 'ಇರಬಹುದು' ಅಂದ್ರೆ ನಾವು 'ಇದೆ' ಅಂತ ಕೇಳಿಸ್ಕೋತೀವಿ. ನಾವೂ ಕೇಳಿಸ್ಕೊಂಡ್ವಿ.

ಸ್ಕ್ಯಾನ್ ರಿಪೋರ್ಟ್ ವಿಷ್ಯಕ್ಕೆ ಬರ್ತೀನಿ, ಏಕಂದ್ರೆ ಎಡವೋದು ಇಲ್ಲೇ. ರಿಪೋರ್ಟಲ್ಲಿ ಇವಾನ್ಸ್ ಇಂಡೆಕ್ಸ್ ಅಂತ ಒಂದು ನಂಬರ್ ಇರತ್ತೆ, ವೆಂಟ್ರಿಕಲ್‌ನ ಮುಂಭಾಗದ ಅಗಲ ತಲೆಬುರುಡೆ ಒಳಗಿನ ಅಗಲದಲ್ಲಿ ಎಷ್ಟು ಪಾಲು ಅಂತ. 0.3 ದಾಟಿದ್ರೆ ವೆಂಟ್ರಿಕಲ್ ದೊಡ್ಡದು ಅಂತ ಅರ್ಥ. ಅಷ್ಟೇ ಅರ್ಥ! ಯಾಕೆ ದೊಡ್ಡದಾಯ್ತು ಅಂತ ಅದು ಹೇಳಲ್ಲ, ವಯಸ್ಸಾಗಿ ಆರಾಮಾಗಿ ಓಡಾಡ್ಕೊಂಡಿರೋರಲ್ಲೂ ಕೆಲವರಿಗೆ 0.3 ದಾಟಿರತ್ತೆ. ತಿಪಟೂರು ಅರಸೀಕೆರೆ ಕಡೆಯೋರಿಗೆ ಇದು ಬೇಗ ಅರ್ಥ ಆಗತ್ತೆ: ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿ ಒಣಗ್ತಾ ಒಣಗ್ತಾ ಒಳಗಿನ ಗಿಟುಕು ಸಣ್ಣಗಾಗಿ ಚಿಪ್ಪಿಂದ ಬಿಟ್ಕೊಂಡು ಲೊಡಲೊಡ ಅನ್ನತ್ತಲ್ಲ, ಮೆದುಳು ಸವೆಯೋ ಕಾಯಿಲೆಗಳಲ್ಲಿ ಆಗೋದು ಅದೇ, ಮೆದುಳು ಕುಗ್ಗತ್ತೆ, ಖಾಲಿ ಆದ ಜಾಗಕ್ಕೆಲ್ಲ, ಒಳಗೂ ಹೊರಗೂ, ನೀರು ಬಂದು ಕೂರತ್ತೆ. ಇಲ್ಲಿ ನೀರು ಕಾರಣ ಅಲ್ಲ, ಖಾಲಿ ಜಾಗ ತುಂಬೋಕೆ ಬಂದಿರೋದು. ಎನ್‌ಪಿಎಚ್‌ನಲ್ಲಿ ಉಲ್ಟಾ, ಒಳಗಿನ ನೀರು ಮೆದುಳನ್ನ ಮೇಲಕ್ಕೆ ಒತ್ತತ್ತೆ, ಅದಕ್ಕೇ ನೆತ್ತಿ ಹತ್ರ ಮೆದುಳಿನ ಮಡಿಕೆಗಳು ಇಕ್ಕಟ್ಟಾಗಿ ಅಂಟ್ಕೊಂಡಂಗೆ ಕಾಣತ್ತೆ, ಆದ್ರೆ ಪಕ್ಕದಲ್ಲಿ ಕಿವಿ ಮೇಲ್ಗಡೆಯ ದೊಡ್ಡ ಬಿರುಕುಗಳು ಮಾತ್ರ ಅಗಲ. ಈ ಚಿತ್ರಕ್ಕೆ ಡೆಶ್ ಅಂತ ಹೆಸರು, ಜಪಾನಿನೋರು ಇದರ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಇನ್ನೊಂದು ಕ್ಯಾಲೋಸಲ್ ಆಂಗಲ್, ಎರಡು ವೆಂಟ್ರಿಕಲ್ ಮಧ್ಯದ ಕೋನ, ಅದು 90 ಡಿಗ್ರಿಗಿಂತ ಕಮ್ಮಿ ಇದ್ರೆ ಎನ್‌ಪಿಎಚ್ ಕಡೆ ವಾಲತ್ತೆ. ದೊಡ್ಡಪ್ಪನ ಮೊದಲನೇ ರಿಪೋರ್ಟಲ್ಲಿ ಇವೆರಡರ ಮಾತೇ ಇರ್ಲಿಲ್ಲ, ವೆಂಟ್ರಿಕಲ್ ದೊಡ್ಡದಿದೆ, ಎನ್‌ಪಿಎಚ್ ಇರಬಹುದು, ವೈದ್ಯರು ಲಕ್ಷಣ ನೋಡಿ ತೀರ್ಮಾನಿಸಬೇಕು ಅಂತ ಒಂದು ಸಾಲು. ಆ ಕೊನೇ ಮಾತನ್ನ ಯಾರೂ ಓದಲ್ಲ.

ಲಕ್ಷಣ ಅಂದ್ರೆ ಏನಿದೆ ಅನ್ನೋದಕ್ಕಿಂತ ಯಾವ್ದು ಮೊದಲು ಬಂತು ಅನ್ನೋದು ಮುಖ್ಯ, ನನ್ನ ಪ್ರಕಾರ ಇಡೀ ವಿಷ್ಯದ ಬೀಗದ ಕೈ ಇದೇ. ಎನ್‌ಪಿಎಚ್‌ನಲ್ಲಿ ಸಾಮಾನ್ಯವಾಗಿ ನಡಿಗೆ ಮೊದಲು ಕೆಡತ್ತೆ. ಕಾಲು ಅಗಲಿಸಿ, ಪಾದ ಹೊರಗೆ ತಿರುಗಿಸಿ, ಚಿಕ್ಕ ಚಿಕ್ಕ ಹೆಜ್ಜೆ, ಪಾದ ನೆಲಕ್ಕೆ ಅಂಟು ಹಾಕಿದಂಗೆ ಮೇಲೇಳಲ್ಲ, ಹೊಸ್ತಿಲು ದಾಟೋಕೆ ಒದ್ದಾಟ, ತಿರುಗೋಕೆ ಆರೇಳು ಹೆಜ್ಜೆ, ಆದ್ರೆ ಕೈ ಬೀಸೋದು ಬಹುಮಟ್ಟಿಗೆ ಚೆನ್ನಾಗೇ ಇರತ್ತೆ. ಬುದ್ಧಿ ವಿಷ್ಯದಲ್ಲಿ ಮರೆವಿಗಿಂತ ಜಾಸ್ತಿ ನಿಧಾನ, ಕೇಳಿದ್ದಕ್ಕೆ ಉತ್ತರ ಬರತ್ತೆ ಆದ್ರೆ ತಡವಾಗಿ ಬರತ್ತೆ, ಯಾವ್ದರಲ್ಲೂ ಉತ್ಸಾಹ ಇಲ್ಲ.

ಆಲ್ಝೈಮರ್ಸ್‌ನಲ್ಲಿ ಇದು ತಿರುವುಮುರುವು. ಮೊದಲು ಮರೆವು, ಬೆಳಿಗ್ಗೆ ಯಾರು ಬಂದಿದ್ರು ಅಂತಾನೇ ನೆನಪಿರಲ್ಲ, ಸುಳಿವು ಕೊಟ್ರೂ ನೆನಪಾಗಲ್ಲ, ಆದ್ರೆ ವಾಕಿಂಗಿಗೆ ಹೋದ್ರೆ ನಮಗಿಂತ ಮುಂದೆ. ನಡಿಗೆ, ಮೂತ್ರದ ತೊಂದರೆ ವರ್ಷಗಳು ಕಳೆದ್ಮೇಲೆ ಬರತ್ತೆ. ಆ ಕೊನೇ ಹಂತದಲ್ಲಿ ಮೊದಲನೇ ಸಲ ಸ್ಕ್ಯಾನ್ ಮಾಡಿಸಿದ್ರೆ ಮೂರೂ ಲಕ್ಷಣ ಇದೆ, ವೆಂಟ್ರಿಕಲ್ಲೂ ದೊಡ್ಡದು, ಎನ್‌ಪಿಎಚ್ ಅಂತ ಅನ್ಸಿಬಿಡತ್ತೆ.

ಪಾರ್ಕಿನ್ಸನ್ಸ್ ಬಗ್ಗೆ ಎಲ್ಲರಿಗೂ ಗೊತ್ತಿರೋದ್ರಿಂದ ಚಿಕ್ಕದಾಗಿ ಹೇಳ್ತೀನಿ. ಒಂದು ಕಡೆ ಕೈ ಮೊದಲು ನಡುಗತ್ತೆ, ಆ ಕಡೆ ಕೈ ಬೀಸೋದು ನಿಲ್ಲತ್ತೆ, ಅಕ್ಷರ ಸಣ್ಣಗಾಗತ್ತೆ, ಎಷ್ಟೋ ಜನಕ್ಕೆ ವರ್ಷಗಳ ಮುಂಚೇನೇ ವಾಸನೆ ಹೋಗಿರತ್ತೆ. ಹೆಜ್ಜೆ ಚಿಕ್ಕದಾದ್ರೂ ಕಾಲು ಅಗಲಿಸಿ ನಡೆಯಲ್ಲ, ನೆಲದ ಮೇಲೆ ಗೆರೆ ಎಳೆದ್ರೆ ಅದನ್ನ ದಾಟ್ಕೊಂಡು ಚೆನ್ನಾಗಿ ನಡೀತಾರೆ, ಎನ್‌ಪಿಎಚ್‌ನೋರಿಗೆ ಆ ಗೆರೆಯಿಂದ ಅಷ್ಟು ಪ್ರಯೋಜನ ಆಗಲ್ಲ. ಲೆವೊಡೋಪಾ ಮಾತ್ರೆಗೆ ಪಾರ್ಕಿನ್ಸನ್ಸ್ ಚೆನ್ನಾಗಿ ಬಗ್ಗತ್ತೆ, ಎನ್‌ಪಿಎಚ್ ಸಾಮಾನ್ಯವಾಗಿ ಬಗ್ಗಲ್ಲ.

ಲೂಯಿ ಬಾಡಿ ಡಿಮೆನ್ಷಿಯಾ ಅನ್ನೋದು ಇನ್ನೂ ಮೋಸದ್ದು. ಇದರಲ್ಲೂ ನಡಿಗೆ ನಿಧಾನ, ಬುದ್ಧಿ ಮಂಕು, ಮೂತ್ರದ ತೊಂದರೆ ಎಲ್ಲ ಇರತ್ತೆ. ಆದ್ರೆ ಬೆಳಿಗ್ಗೆ ಪೇಪರ್ ಓದಿ ರಾಜಕೀಯ ಮಾತಾಡಿದೋರು ಮಧ್ಯಾಹ್ನ ಮಗನ ಹೆಸರೇ ಮರೀತಾರೆ, ಮತ್ತೆ ಸಾಯಂಕಾಲ ಸರಿ. ಮೂಲೇಲಿ ಮಕ್ಕಳು ಕೂತಿದ್ದಾರೆ, ಹಾಲಲ್ಲಿ ಯಾರೋ ನಿಂತಿದ್ದಾರೆ ಅಂತ ಸ್ಪಷ್ಟವಾಗಿ ವರ್ಣಿಸ್ತಾರೆ, ರಾತ್ರಿ ನಿದ್ದೇಲಿ ಕನಸಿಗೆ ತಕ್ಕಂಗೆ ಕೈಕಾಲು ಬೀಸಿ ಪಕ್ಕದಲ್ಲಿ ಮಲಗಿದೋರಿಗೆ ಗುದ್ದೋದು ಎಷ್ಟೋ ವರ್ಷ ಮುಂಚಿನಿಂದಾನೇ ಇರತ್ತೆ. ಮನೆಯೋರು ಇದನ್ನ ಗಾಳಿ ಸೋಕಿದೆ ಅಂತಾನೋ ಅರಳುಮರಳು ಅಂತಾನೋ ಮುಚ್ಚಿಡ್ತಾರೆ, ದಯವಿಟ್ಟು ಮುಚ್ಚಿಡ್ಬೇಡಿ, ಯಾಕಂದ್ರೆ ಗಲಾಟೆ ಮಾಡ್ತಾರೆ ಅಂತ ಹ್ಯಾಲೋಪೆರಿಡಾಲ್ ಥರದ ಇಂಜೆಕ್ಷನ್ ಕೊಟ್ರೆ ಈ ಕಾಯಿಲೆಯೋರಿಗೆ ಪ್ರಾಣಕ್ಕೇ ಬರಬಹುದು.

ಇನ್ನು ನಮ್ಮ ದೊಡ್ಡಪ್ಪನದು. ಪಿಎಸ್‌ಪಿ, ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಟೊರಾಂಟೋದ ಸ್ಟೀಲ್, ರಿಚರ್ಡ್‌ಸನ್, ಓಲ್ಶೆವ್‌ಸ್ಕಿ ಅನ್ನೋ ಮೂರು ಜನ 1964ರಲ್ಲಿ ವಿವರವಾಗಿ ಪ್ರಕಟಿಸಿದ ಕಾಯಿಲೆ. ಟೌ ಅನ್ನೋ ಪ್ರೋಟೀನ್ ಮೆದುಳಿನ ಕಾಂಡದಲ್ಲಿ, ಅದರ ಸುತ್ತಮುತ್ತ ಗಂಟು ಕಟ್ಟಿ ಜೀವಕೋಶ ಸಾಯ್ತಾ ಬರತ್ತೆ. ಎನ್‌ಪಿಎಚ್ ಅಂತ ಎಣಿಸಿ ಮೋಸ ಹೋಗೋ ಕಾಯಿಲೆಗಳಲ್ಲಿ ಇದು ಮುಂಚೂಣಿಯದು. ದೊಡ್ಡಪ್ಪ ಶುರುವಿನಿಂದಾನೇ ಬೀಳ್ತಿದ್ರು, ಅದೂ ಹಿಂದಕ್ಕೆ, ಬೀರು ಬಾಗಿಲು ಎಳೆದ್ರೆ ಹಿಂದಕ್ಕೆ, ಕುರ್ಚಿಯಿಂದ ಎದ್ರೆ ಹಿಂದಕ್ಕೆ, ಮರ ಉರುಳಿದಂಗೆ, ಕೈ ಊರಿ ತಡೆಯೋ ಪ್ರಯತ್ನಾನೂ ಇಲ್ಲ. ಮೆಟ್ಟಿಲು ಹತ್ತೋರು, ಇಳಿಯೋಕೆ ಮಾತ್ರ ಭಯ. ಮುಖದಲ್ಲಿ ಯಾವಾಗ್ಲೂ ಏನೋ ಆಶ್ಚರ್ಯ ಆದಂಗೆ ಕಣ್ಣು ದೊಡ್ಡದು, ರೆಪ್ಪೆ ಹೊಡೆಯೋದೂ ಅಪರೂಪ. ಇದೆಲ್ಲ ನಾವು ನೋಡಿದ್ವಿ, ಆದ್ರೆ ಡಾಕ್ಟರ್‌ಗೆ ಹೇಳಿದ್ದು ಮಾತ್ರ 'ಬೀಳ್ತಾರೆ ಸಾರ್' ಅಂತ ಎರಡೇ ಪದ, ಯಾವ ಕಡೆಗೆ ಬೀಳ್ತಾರೆ ಅಂತ ಅವರು ಕೇಳ್ಲಿಲ್ಲ ನಾವು ಹೇಳ್ಲಿಲ್ಲ.

ಎರಡನೇ ಡಾಕ್ಟರಮ್ಮ ಮಾಡಿದ್ದು ಐದು ನಿಮಿಷದ ಪರೀಕ್ಷೆ. ಪೆನ್ ಹಿಡಿದು 'ಅಜ್ಜಾರೇ, ತಲೆ ಅಲ್ಲಾಡಿಸ್ಬೇಡಿ, ಕಣ್ಣಲ್ಲೇ ಪೆನ್ ನೋಡಿ' ಅಂದ್ರು. ಎಡ ಬಲ ಸರಿಯಾಗಿ ಹೋಯ್ತು. ಕೆಳಗೆ ಇಳಿಸಿದ್ರೆ ಕಣ್ಣು ಅರ್ಧಕ್ಕೇ ನಿಂತ್ಕೊಳ್ತು. ಆಮೇಲೆ ಒಂದು ಮ್ಯಾಜಿಕ್ ಮಾಡಿದಂಗೆ, 'ಈಗ ನನ್ನ ಮುಖಾನೇ ನೋಡ್ತಿರಿ' ಅಂದು ದೊಡ್ಡಪ್ಪನ ತಲೇನ ಎರಡು ಕೈಲಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ಬಗ್ಗಿಸಿದ್ರು, ಆಗ ಕಣ್ಣುಗುಡ್ಡೆ ಕೆಳಗೆ ಇಳೀತು! ಅಂದ್ರೆ ಕಣ್ಣಿನ ಮಾಂಸಖಂಡ, ನರ ಎಲ್ಲ ಸರಿ ಇದೆ, ಮೇಲಿನಿಂದ 'ಕೆಳಗೆ ನೋಡು' ಅನ್ನೋ ಆರ್ಡರ್ ಬರ್ತಿಲ್ಲ ಅಷ್ಟೇ, ಹೆಸರಲ್ಲಿರೋ ಸುಪ್ರಾ ಅಂದ್ರೆ ಅದೇ, ತೊಂದರೆ ಮೇಲಿದೆ ಅಂತ. ಮೂರು ಸಲ ಚಪ್ಪಾಳೆ ತಟ್ಟಿ ಅಂದ್ರೆ ದೊಡ್ಡಪ್ಪ ಆರು ಸಲ ತಟ್ಟಿದ್ರು, ಇದೊಂದರಿಂದಾನೇ ಏನೂ ಹೇಳೋಕಾಗಲ್ಲ ಆದ್ರೆ ಇದೂ ಒಂದು ಸುಳಿವು ಅಂದ್ರು. ಎಂಆರ್‌ಐ ಸಿಡಿ ಮತ್ತೆ ತೆಗೆದು ಪಕ್ಕದಿಂದ ಕತ್ತರಿಸಿದ ಚಿತ್ರ ತೋರಿಸಿದ್ರು, ನಡುಮೆದುಳು ಸವೆದು ಹಕ್ಕಿ ಕೊಕ್ಕಿನ ಥರ ಚೂಪಾಗಿತ್ತು, ಹಮಿಂಗ್‌ಬರ್ಡ್ ಸೈನ್ ಅಂತಾರಂತೆ. ಒಂದು ವರ್ಷದಿಂದ ನಮ್ಮ ಅಲ್ಮೇರಾದಲ್ಲೇ ಇದ್ದ ಸಿಡಿ ಅದು. ನನಗೆ ಊಟದ ಎಲೆ ನೆನಪಾಗಿ ಹೊಟ್ಟೆ ಒಳಗೆ ಏನೋ ಆಯ್ತು.

ಹಾಗಾದ್ರೆ ಶಂಟ್ ಹಾಕೋಕೆ ಮುಂಚೆ ದೊಡ್ಡಪ್ಪನಿಗೆ ಮಾಡಿದ್ದ ಟ್ಯಾಪ್ ಟೆಸ್ಟ್ ಯಾಕೆ ಪಾಸ್ ಆಯ್ತು ಅಂತ ನೀವು ಕೇಳ್ಬೇಕು, ನಾವೂ ಕೇಳಿದ್ವಿ. ಟ್ಯಾಪ್ ಟೆಸ್ಟ್ ಅಂದ್ರೆ ಸೊಂಟದ ಹತ್ರ ಬೆನ್ನಿಗೆ ಸೂಜಿ ಹಾಕಿ 30ರಿಂದ 50 ಎಂಎಲ್ ನೀರು ತೆಗೆದು, ಮುಂಚೆ ಮತ್ತೆ ಆಮೇಲೆ ನಡೆಸಿ ನೋಡೋದು. ನಡಿಗೆ ಸುಧಾರಿಸಿದ್ರೆ ಶಂಟ್ ಹಾಕಿದ್ರೂ ಸುಧಾರಿಸಬಹುದು ಅಂತ ಲೆಕ್ಕ. ತೊಂದರೆ ಏನಂದ್ರೆ ಇದು ಎರಡೂ ಕಡೆ ಸುಳ್ಳು ಹೇಳತ್ತೆ. ಸುಧಾರಿಸ್ದೇ ಇದ್ರೂ ಶಂಟ್‌ನಿಂದ ಗುಣ ಆದೋರಿದ್ದಾರೆ, ಅದಕ್ಕೇ ಕೆಲವು ಕಡೆ ಮೂರು ದಿನ ಸಣ್ಣ ಟ್ಯೂಬ್ ಇಟ್ಟು ನೀರು ಹರಿಸಿ ನೋಡ್ತಾರೆ. ಇತ್ತ ಪಿಎಸ್‌ಪಿ ಇದ್ದೋರೂ ನೀರು ತೆಗೆದ್ಮೇಲೆ, ಶಂಟ್ ಹಾಕಿದ್ಮೇಲೂ ಕೆಲವು ತಿಂಗಳು ಚೆನ್ನಾಗಿ ನಡೆದು ಮತ್ತೆ ಜಾರಿದ್ದು ದಾಖಲಾಗಿದೆ. ಜೊತೆಗೆ ಮನುಷ್ಯ ಅಂದ್ಮೇಲೆ ಹುರುಪು ಅಂತ ಒಂದಿದೆ, ಇಡೀ ಮನೆಯೋರು ವಾರ್ಡ್ ಕಾರಿಡಾರಲ್ಲಿ ಸಾಲಾಗಿ ನಿಂತು 'ನೋಡಿ ಎಷ್ಟು ಚೆನ್ನಾಗಿ ನಡೀತಿದ್ದೀರ' ಅಂತಿದ್ರೆ ಯಾರಾದ್ರೂ ನಾಲ್ಕು ಹೆಜ್ಜೆ ಜೋರಾಗೇ ಇಡ್ತಾರೆ. ನಮ್ಮಲ್ಲಿ ಯಾರೂ ಸೆಕೆಂಡ್ ಲೆಕ್ಕ ಹಾಕಿರ್ಲಿಲ್ಲ, ಕಣ್ಣಂದಾಜು ಅಷ್ಟೇ. ಗಡಿಯಾರ ಹಿಡಿದು 10 ಮೀಟರ್‌ಗೆ ಎಷ್ಟು ಸೆಕೆಂಡು, ಎಷ್ಟು ಹೆಜ್ಜೆ ಅಂತ ಮುಂಚೆ ಒಂದ್ಸಲ ಆಮೇಲೆ ಒಂದೆರಡು ಸಲ ಬರೆದಿಡ್ಬೇಕಂತೆ. ಇನ್ನೊಂದು, ಹೇಗಿದ್ರೂ ತೆಗೆದ ನೀರಿನಲ್ಲಿ ಸ್ವಲ್ಪಾನ ಅಮೈಲಾಯ್ಡ್, ಟೌ ಅನ್ನೋ ಪ್ರೋಟೀನ್‌ಗಳ ಟೆಸ್ಟಿಗೆ ಕಳಿಸೋಕಾಗತ್ತಾ ಅಂತ ಕೇಳಿ, ಆಲ್ಝೈಮರ್ಸ್‌ನಲ್ಲಿ ಅಮೈಲಾಯ್ಡ್ 42 ಇಳಿದು, ಟೌದೇ ಒಂದು ರೂಪ ಆದ ಫಾಸ್ಫೋ ಟೌ ಏರಿರತ್ತೆ, ಎನ್‌ಪಿಎಚ್‌ನಲ್ಲಿ ಎರಡೂ ಕಮ್ಮಿ ಇರೋ ಸಾಧ್ಯತೆ. ಪಾರ್ಕಿನ್ಸನ್ಸ್ ಗುಂಪಿನ ಅನುಮಾನ ಇದ್ರೆ ನಮ್ಮ ಕಡೆ ಟ್ರೋಡ್ಯಾಟ್ ಸ್ಕ್ಯಾನ್ ಬರೀತಾರೆ, ಮೆದುಳಲ್ಲಿ ಡೋಪಮೈನ್ ನರಗಳು ಎಷ್ಟು ಉಳಿದಿವೆ ಅಂತ ತೋರಿಸೋ ಸ್ಕ್ಯಾನ್ ಅದು.

ಇಷ್ಟೆಲ್ಲ ಹೇಳಿ ಶಂಟ್ ಸುಳ್ಳು ಅಂತ ಮಾತ್ರ ತಿಳ್ಕೋಬೇಡಿ. 2025ರಲ್ಲಿ ಪ್ರಕಟ ಆದ ಒಂದು ಟ್ರಯಲ್‌ನಲ್ಲಿ 99 ಜನಕ್ಕೂ ಶಂಟ್ ಹಾಕಿ, ಅರ್ಧ ಜನಕ್ಕೆ ವಾಲ್ವ್ ತೆರೆದಿಟ್ಟು, ಉಳಿದೋರಿಗೆ ನೀರು ಹರೀದೇ ಇರೋ ಹಾಗೆ ಸೆಟ್ಟಿಂಗ್ ಇಟ್ಟು ಮೂರು ತಿಂಗಳು ನೋಡಿದ್ರು, ತೆರೆದಿದ್ದೋರ ನಡಿಗೆ ವೇಗ ಸೆಕೆಂಡಿಗೆ 0.23 ಮೀಟರ್ ಏರ್ತು, ಮುಚ್ಚಿದ್ದೋರದು ಬರೀ 0.03. ಬುದ್ಧಿ, ಮೂತ್ರದ ವಿಷ್ಯದಲ್ಲಿ ಮೂರು ತಿಂಗಳಿಗೆ ಅಂಥ ವ್ಯತ್ಯಾಸ ಕಾಣ್ಲಿಲ್ಲ. ನಿಜವಾದ ಎನ್‌ಪಿಎಚ್ ಇದ್ದೋರಿಗೆ ಇದು ದೊಡ್ಡ ಉಪಕಾರ, ಅನುಮಾನಾನೇ ಇಲ್ಲ, ವಯಸ್ಸಾಯ್ತು ಬಿಡಿ ಅಂತ ಮೂಲೇಲಿ ಕೂರಿಸಿರೋ ಎಷ್ಟೋ ಜನ ಎದ್ದು ಓಡಾಡಬಹುದಿತ್ತು ಅನ್ನೋದೂ ಅಷ್ಟೇ ನಿಜ. ಮತ್ತೆ ಎರಡೂ ಕಾಯಿಲೆ ಒಟ್ಟಿಗೆ ಇರೋದೂ ಉಂಟು, ಶಂಟ್ ಹಾಕೋವಾಗ ಮೆದುಳಿನ ಚೂರು ತೆಗೆದು ನೋಡಿದ್ರೆ ಎಷ್ಟೋ ಜನರಲ್ಲಿ ಆಲ್ಝೈಮರ್ಸ್ ಗುರುತುಗಳೂ ಸಿಗತ್ತೆ, ಹಾಗಾಗಿ ಇದಾ ಅದಾ ಅಂತ ಯಾವಾಗ್ಲೂ ಗೆರೆ ಕೊರೆಯೋಕಾಗಲ್ಲ.

ಮೆದುಳು ಸವೆಯೋ ಕಾಯಿಲೆ ಅಲ್ಲದ ಕೆಲವೂ ಇದೇ ವೇಷದಲ್ಲಿ ಬರತ್ತೆ. ಬಿಪಿ ಶುಗರ್‌ನಿಂದ ಮೆದುಳಿನ ಸಣ್ಣ ರಕ್ತನಾಳ ಹಾಳಾದ್ರೆ ಸೊಂಟದಿಂದ ಮೇಲೆ ಚೆನ್ನಾಗಿದ್ದು ಕಾಲು ಮಾತ್ರ ಎಳೀತಾರೆ. ಕತ್ತಿನ ಮೂಳೆ ಸವೆದು ಬೆನ್ನುಹುರಿ ಒತ್ತಿದ್ರೂ ನಡಿಗೆ ಮತ್ತೆ ಮೂತ್ರ ಕೆಡತ್ತೆ. ಬಿ12, ಥೈರಾಯ್ಡ್ ಅಂತೂ ಸ್ವಲ್ಪ ಖರ್ಚು ಜಾಸ್ತಿ ಆದ್ರೂ ಮೊದಲೇ ನೋಡಿಸಿಬಿಡಿ. ಎಲ್ಲಕ್ಕಿಂತ ಕೋಪ ಬರೋದು ಮಾತ್ರೆ ವಿಷ್ಯ: ಗ್ಯಾಸ್ಟ್ರಿಕ್‌ಗೆ ಅಂತ ಕೊಡೋ ಲೆವೊಸಲ್ಪಿರೈಡ್ ಸೇರಿರೋ ಕ್ಯಾಪ್ಸೂಲ್, ತಲೆಸುತ್ತಿಗೆ ಅಂತ ಕೊಡೋ ಸಿನಾರಿಝಿನ್, ಇವನ್ನ ವಯಸ್ಸಾದೋರು ತಿಂಗಳುಗಟ್ಟಲೆ ನುಂಗಿದ್ರೆ ಪಾರ್ಕಿನ್ಸನ್ಸ್ ಥರಾನೇ ಕೈಕಾಲು ಬಿಗಿಯಾಗಿ ನಡಿಗೆ ನಿಧಾನ ಆಗತ್ತೆ, ಡಾಕ್ಟರ್ ಹೇಳಿ ನಿಲ್ಲಿಸಿದ್ರೆ ಬಹಳ ಜನಕ್ಕೆ ಸರಿಹೋಗತ್ತೆ. ನಮ್ಮಲ್ಲಿ ಒಂದ್ಸಲ ಬರೆದ ಚೀಟಿ ಹಿಡ್ಕೊಂಡು ಮೆಡಿಕಲ್ ಸ್ಟೋರಿಂದ ವರ್ಷಗಟ್ಟಲೆ ತಂದು ನುಂಗೋರೇ ಜಾಸ್ತಿ ಅಲ್ವಾ, ಅದಕ್ಕೆ ಮಾತ್ರೆ ಡಬ್ಬಿ ಪೂರ್ತಿ ತಗೊಂಡು ಹೋಗಿ ಡಾಕ್ಟರ್ ಮೇಜಿನ ಮೇಲೆ ಸುರೀರಿ. ಫೋನಲ್ಲಿ ವೀಡಿಯೋ ಕೂಡ ಇರ್ಲಿ: ಕುರ್ಚಿಯಿಂದ ಎದ್ದು ಬಾಗಿಲವರೆಗೂ ನಡೆದು ತಿರುಗಿ ಬರೋದು, ಮೆಟ್ಟಿಲು ಇಳಿಯೋದು, ಊಟ ಮಾಡೋದು, ಸಾಧ್ಯ ಆದ್ರೆ ನಿದ್ದೇಲಿ ಒದ್ದಾಡೋದೂ. ಜೊತೆಗೆ ಒಂದು ಹಾಳೇಲಿ ಯಾವ ತೊಂದರೆ ಯಾವ ಹಬ್ಬದ ಹೊತ್ತಿಗೆ ಶುರುವಾಯ್ತು ಅಂತ ಬರ್ಕೊಂಡು ಹೋಗಿ, ತಾರೀಖು ಯಾರಿಗೂ ನೆನಪಿರಲ್ಲ, 'ಹೋದ್ವರ್ಷ ಗೌರಿ ಹಬ್ಬಕ್ಕೆ ಮಾರ್ಕೆಟ್ಟಿಗೆ ಅವರೇ ಹೋಗಿದ್ರು' ಅನ್ನೋದು ಎಲ್ಲರಿಗೂ ನೆನಪಿರತ್ತೆ.

ಪಿಎಸ್‌ಪಿಗೆ ಔಷಧಿನೇ ಇಲ್ಲ ಅಂದ್ಮೇಲೆ ಹೆಸರು ಗೊತ್ತಾಗಿ ಏನು ಲಾಭ ಅಂತ ಮಾವ ಕೇಳಿದ್ರು. ಹೆಸರು ಗೊತ್ತಾದ ವಾರಾನೇ ನುಂಗೋ ಪರೀಕ್ಷೆ ಮಾಡಿದ್ರು, ನೀರು ಕುಡಿಯೋವಾಗ ಶ್ವಾಸಕೋಶಕ್ಕೆ ಇಳೀತಿದೆ ಅಂತ ಗೊತ್ತಾಯ್ತು, ಈಗ ಕಾಫಿ ಸಮೇತ ಎಲ್ಲ ಗಟ್ಟಿ ಮಾಡಿ ಕೊಡ್ತೀವಿ. ಬಚ್ಚಲಮನೇಲಿ ಹಿಡ್ಕೊಳ್ಳೋಕೆ ಕಂಬಿ ಹಾಕಿಸಿದ್ವಿ, ಬೀರು ಬಾಗಿಲು ತೆಗೆಸಿಬಿಟ್ವಿ. ಶಂಟ್ ತೆಗೆಸ್ಬೇಕಾ ಅಂದ್ರೆ ತೊಂದರೆ ಕೊಡ್ದೇ ಇರೋವರೆಗೂ ಬಿಡಿ ಅಂದ್ರು, ಎಂಆರ್‌ಐ ಮಾಡಿಸಿದಾಗ್ಲೆಲ್ಲ ವಾಲ್ವ್ ಸೆಟ್ಟಿಂಗ್ ಬದಲಾಗಿದೆಯಾ ಅಂತ ಚೆಕ್ ಮಾಡಿಸ್ಬೇಕು ಅಂತಾನೂ ಹೇಳಿದ್ರು, ಅಯಸ್ಕಾಂತದಲ್ಲಿ ಸೆಟ್ ಮಾಡೋ ಕೆಲವು ವಾಲ್ವ್‌ಗಳು ಅಲ್ಲಿ ತಿರುಗಿಬಿಡ್ತವಂತೆ. ಊಟಕ್ಕೆ ದೊಡ್ಡಮ್ಮ ಈಗ ಟೇಬಲ್ ಮೇಲೆ ಒಂದು ಮಣೆ, ಮಣೆ ಮೇಲೆ ಇನ್ನೊಂದು ಮಣೆ ಇಟ್ಟು ಅದರ ಮೇಲೆ ತಟ್ಟೆ ಇಡ್ತಾರೆ, ಹೆಚ್ಚುಕಮ್ಮಿ ಗಲ್ಲದ ಎತ್ತರಕ್ಕೆ ಬರತ್ತೆ. ಮೊದಲನೇ ದಿನ ದೊಡ್ಡಪ್ಪ ಅದನ್ನ ನೋಡಿ 'ಓ, ಅನ್ನಾನೂ ಇದೆಯಾ' ಅಂದ್ರು.